ವಾಗ್ಬಾಧಾ ಮೀಮಾಂಸೆ: ಒಂದು ಕ್ರಿಯಾಪದದಿಂದ ಕ್ಯಾಚು ಬಿದ್ದ ಬಗೆ

ಸಾಫ್ಟ್‌ಬಾಲ್ ಆಟದಲ್ಲಿ ಮನುಷ್ಯನ ಯಾವ ಯಾವ ಅಂಗಕ್ಕೆ ಸುಳ್ಳು ಹೇಳುವ ಅಧಿಕಾರವಿದೆ, ಯಾವುದಕ್ಕಿಲ್ಲ ಎಂಬ ಬಗ್ಗೆ ಕನ್ನಡದಲ್ಲಿ ಪ್ರೌಢಪ್ರಬಂಧವೊಂದು ಬಂದದ್ದನ್ನು ನಾನು ಕಾಣೆ. ಇದರಿಂದ ಕನ್ನಡಕ್ಕೆ ಎಳ್ಳಷ್ಟೂ ನಷ್ಟವಾಗಿಲ್ಲ ಎಂಬುದು ನನ್ನ ಹೆಂಡತಿಯ ಮತ. ಆದರೆ ಪ್ರಸ್ತುತ ಪ್ರಕರಣದಲ್ಲಿ ಆಕೆಯೇ ಒಂದನೇ ಆರೋಪಿಯಾದ್ದರಿಂದ ಆ ಮತವನ್ನು ಪೂರ್ವಪಕ್ಷಕ್ಕೆ ಸೇರಿಸಿ ಮುಂದಕ್ಕೆ ಹೋಗುತ್ತೇನೆ.

ಸಂಶೋಧಕನ ಅರ್ಹತೆ ಇಷ್ಟು: 31 ವರ್ಷ ಕಾಲೇಜಿನಲ್ಲಿ ವ್ಯಾಕರಣ, ತರ್ಕ ಪಾಠ ಹೇಳಿದ್ದು, ನಿವೃತ್ತಿಯಾದ ಮೇಲೆ ನ್ಯೂಜೆರ್ಸಿಯ ಮಗನ ಮನೆಯಲ್ಲಿ ಆರು ತಿಂಗಳ ವಾಸ, ಗುರುವಾರ ಸಂಜೆ ಮಾಡಲು ಬೇರೇನೂ ಕೆಲಸವಿಲ್ಲದಿದ್ದುದು. ಅಲ್ಲಿ ಜೂನ್ ತಿಂಗಳಲ್ಲಿ ರಾತ್ರಿ ಎಂಟಾದರೂ ಹೊತ್ತು ಮುಳುಗುವುದಿಲ್ಲ. ಮಗನ ಆಫೀಸಿನವರು ಇನ್ನೊಂದು ಆಫೀಸಿನವರ ಮೇಲೆ ಪಾರ್ಕಿನಲ್ಲಿ ಆಡುತ್ತಾರೆ. ಆಟಗಾರರ ಬೆಂಚಿನ ಒಂದು ತುದಿಯಲ್ಲಿ ನಾವಿಬ್ಬರು, ನಮ್ಮಿಬ್ಬರ ನಡುವೆ ಕೋಡುಬಳೆ ಡಬ್ಬಿ. ಡಬ್ಬಿ ಇದ್ದ ಜಾಗವನ್ನು ಓದುಗರು ನೆನಪಿನಲ್ಲಿಡಬೇಕು. ಇಡೀ ವ್ಯಾಜ್ಯ ಅದರ ಮೇಲೆ ನಿಂತಿದೆ.

ಮೊದಲು ಆಟದ ಉತ್ಪತ್ತಿ. 1887ರ ನವೆಂಬರ್‌ನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಶಿಕಾಗೋದ ಫ್ಯಾರಗಟ್ ಬೋಟ್ ಕ್ಲಬ್ಬಿನಲ್ಲಿ ಕೆಲವು ಗಂಡಸರು ಯೇಲ್ ಮತ್ತು ಹಾರ್ವರ್ಡ್ ನಡುವಿನ ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕೆ ಕಾಯುತ್ತಿದ್ದರು. ಯೇಲ್ ಗೆದ್ದ ಸುದ್ದಿ ಬಂತು. ಖುಷಿಯಲ್ಲಿ ಒಬ್ಬ ಬಾಕ್ಸಿಂಗ್ ಗ್ಲವ್ಸ್ ಎಸೆದ, ಇನ್ನೊಬ್ಬ ಕೈಗೆ ಸಿಕ್ಕ ಕೋಲಿನಿಂದ ಅದನ್ನು ಬಾರಿಸಿದ. ಜಾರ್ಜ್ ಹ್ಯಾನ್‌ಕಾಕ್ ಎಂಬಾತ ಆ ಗ್ಲವ್ಸನ್ನೇ ಚೆಂಡಿನ ಹಾಗೆ ಬಿಗಿದು ಕಟ್ಟಿ, ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಆಟ ಹೂಡಿಯೇಬಿಟ್ಟ. ಆಮೇಲೆ ಇದಕ್ಕೆ ಬೆಕ್ಕಿನಮರಿ ಚೆಂಡು, ಕುಂಬಳಕಾಯಿ ಚೆಂಡು ಎಂಬರ್ಥದ ನಾಮಧೇಯಗಳೆಲ್ಲ ಇದ್ದವು. ಈಗಿನ ಹೆಸರು ಕೊಟ್ಟವನು ವಾಲ್ಟರ್ ಹಕನ್‌ಸನ್, 1926ರಲ್ಲಿ. ಸಾಫ್ಟ್ ಎಂದರೆ ಮೆತ್ತಗಿನದು. ಸುತ್ತಳತೆಯಲ್ಲಿ 12 ಅಂಗುಲ ಇರುವ ಆ ಚೆಂಡು ಒಮ್ಮೆ ನನ್ನ ಮೊಣಕಾಲಿಗೆ ಬಂದು ಕೂತಿತು. ಈ ಆಟದಲ್ಲಿ ನಡೆಯುವ ಮೊದಲ ಮೋಸ ಅದರ ಹೆಸರೇ ಎಂದು ಅಂದೇ ಸಿದ್ಧಾಂತ ಮಾಡಿದೆ.

ಇನ್ನು ಅಂಗಾಧಿಕರಣ. ಕಣ್ಣು ಸುಳ್ಳು ಹೇಳಬಹುದು: ಫೀಲ್ಡರು ಎಡಕ್ಕೆ ನೋಡಿ ಬಲಕ್ಕೆ ಎಸೆದರೆ ಯಾರೂ ಕೇಳುವುದಿಲ್ಲ. ಕಾಲು ಸುಳ್ಳು ಹೇಳಬಹುದು: ಓಡುವವನು ಮುಂದಿನ ಬೇಸಿಗೆ ಎರಡು ಹೆಜ್ಜೆ ಇಟ್ಟು ಸರ್ರನೆ ಹಿಂದಕ್ಕೆ ಬರಬಹುದು. ಕೈಗೆ ಅರ್ಧ ಪರವಾನಗಿ: ಚೆಂಡೇ ಇಲ್ಲದೆ ಓಡುವವನನ್ನು ಮುಟ್ಟಿಸಿದಂತೆ ನಟಿಸಿದರೆ ತಪ್ಪು. ಬಾಯಿಯ ವಿಷಯದಲ್ಲಿ ಮಾತ್ರ ಶಾಸ್ತ್ರ ಬಲು ಬಿಗಿ. ಬ್ಯಾಟಿಂಗ್ ಪಕ್ಷದವನು ‘ನಂದು, ನಂದು’ ಎಂದು ಕೂಗಿ ಕ್ಯಾಚು ಹಿಡಿಯುವವನನ್ನು ಗೊಂದಲಕ್ಕೆ ಕೆಡವಿದರೆ, ಮೈ ಮುಟ್ಟದಿದ್ದರೂ ಅದು ಅಡ್ಡಿಯೇ; ಯಾರಾದರೊಬ್ಬರು ಔಟು. ಬ್ಯಾಟಿಂಗಿನವರು ಮಾಡಿದ ಅಡ್ಡಿಗೆ ಇಂಟರ್‌ಫಿಯರೆನ್ಸ್ ಎಂದೂ ಫೀಲ್ಡಿಂಗಿನವರು ಮಾಡಿದ್ದಕ್ಕೆ ಅಬ್‌ಸ್ಟ್ರಕ್ಷನ್ ಎಂದೂ ಬೇರೆ ಬೇರೆ ಹೆಸರು, ಬೇರೆ ಬೇರೆ ದಂಡ. ಅತ್ತೆ ಒಡೆದರೆ ಹಳೇ ಮಡಕೆ, ಸೊಸೆ ಒಡೆದರೆ ಹೊಸ ಮಡಕೆ ಎಂಬ ನ್ಯಾಯ ಗೊತ್ತಿರುವ ನಮಗೆ ಇದು ಹೊಸತಲ್ಲ.

ಮಾತಿನಿಂದಾಗುವ ಈ ಅಡ್ಡಿಯ, ಅಂದರೆ ವಾಗ್ಬಾಧೆಯ, ಶ್ರೇಷ್ಠ ನಿದರ್ಶನ ಸೋದರ ಶಾಸ್ತ್ರವಾದ ಬೇಸ್‌ಬಾಲಿನಲ್ಲಿದೆ. 2007ರ ಮೇ 30, ಟೊರಾಂಟೊ. ಯಾಂಕೀಸ್ ತಂಡದ ಅಲೆಕ್ಸ್ ರೋಡ್ರಿಗಸ್ ಓಡುತ್ತಿದ್ದಾನೆ, ಚೆಂಡು ಆಕಾಶದಲ್ಲಿದೆ, ಹೋವಿ ಕ್ಲಾರ್ಕ್ ಎಂಬ ಫೀಲ್ಡರು ಅದರ ಕೆಳಗೆ ನಿಂತಿದ್ದಾನೆ. ಪಕ್ಕದಲ್ಲಿ ಹಾಯ್ದುಹೋಗುವಾಗ ರೋಡ್ರಿಗಸ್ ಏನೋ ಕೂಗಿದ. ತನ್ನವನೇ ಯಾರೋ ‘ನಂದು’ ಅಂದನೆಂದುಕೊಂಡು ಕ್ಲಾರ್ಕ್ ಹಿಂದೆ ಸರಿದ, ಚೆಂಡು ನೆಲ ಕಂಡಿತು. ತಾನಂದದ್ದು ಬರೀ ‘ಹಾ’ ಎಂದು ರೋಡ್ರಿಗಸ್ ಆಮೇಲೆ ಹೇಳಿಕೆ ಕೊಟ್ಟ. ಪಾಠಭೇದಗಳಿರುವಾಗ ಸರಳ ಪಾಠವನ್ನು ಸಂಶಯಿಸಬೇಕೆಂಬುದು ಗ್ರಂಥಸಂಪಾದನೆಯ ನಿಯಮ. ಇದು ಒಂದೇ ಅಕ್ಷರದ ಪಾಠ. ಸಂಸ್ಕೃತದಲ್ಲಿ ‘ಹಾ’ ಎಂದರೆ ಗೋಳಾಟ. ಕನ್ನಡದಲ್ಲಿ ಸ್ವಲ್ಪ ಮೂಗು ಸೇರಿಸಿದರೆ ‘ಏನಂದಿರಿ?’ ಎಂದು. ಟೊರಾಂಟೊದಲ್ಲಿ ಅದರ ಬೆಲೆ ಒಂದು ರನ್ನು, ಅಂಪೈರುಗಳು ಅದನ್ನು ಅಲ್ಲಗಳೆಯಲಿಲ್ಲ.

ದ್ರವ್ಯದ ಮೂಲಕ ಮಾಡುವ ಮೋಸ ಬೇರೆ ಅಧ್ಯಾಯ, ಆದರೆ ಅದನ್ನು ದಾಟಿ ಹೋಗಲು ಮನಸ್ಸು ಬಾರದು. ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟಿನಲ್ಲಿ 1987ರ ಆಗಸ್ಟ್‌ನಲ್ಲಿ ಡೇವ್ ಬ್ರೆಸ್ನಹನ್ ಎಂಬ ಕ್ಯಾಚರ್ ಸಿಪ್ಪೆ ಸುಲಿದ ಆಲೂಗಡ್ಡೆಯೊಂದನ್ನು ಬಚ್ಚಿಟ್ಟುಕೊಂಡಿದ್ದು, ಅದನ್ನು ಮೂರನೇ ಬೇಸಿನ ಆಚೆಗೆ ಎಸೆದ. ಚೆಂಡು ಹೋಯಿತೆಂದು ಓಡುವವನು ಆರಾಮಾಗಿ ಮನೆ ಬೇಸಿಗೆ ಬಂದರೆ, ಅಲ್ಲಿ ಬ್ರೆಸ್ನಹನ್ ನಿಜವಾದ ಚೆಂಡು ಹಿಡಿದು ನಿಂತಿದ್ದ! ಅಂಪೈರು ರನ್ನು ಕೊಟ್ಟ, ತಂಡ ಅವನನ್ನು ಮನೆಗೆ ಕಳಿಸಿತು. ಆಮೇಲೆ ಅದೇ ತಂಡ ಅವನ 59ನೇ ನಂಬರಿನ ಅಂಗಿಯನ್ನು ಗೌರವದಿಂದ ನಿವೃತ್ತಿಗೊಳಿಸಿತು. ಹಾಸನದ ಸೀಮೆಯಲ್ಲಿ ಇಷ್ಟೊಂದು ಆಲೂಗಡ್ಡೆ ಬೆಳೆದೂ ನಮಗೆ ಪಲ್ಯದಾಚೆ ಏನೂ ಹೊಳೆಯಲಿಲ್ಲವಲ್ಲ ಎಂದು ಒಂದು ಕ್ಷಣ ವಿಷಾದವಾಯಿತು.

ಕ್ರಿಕೆಟ್ಟಿನವರು ತಡವಾಗಿ ಎಚ್ಚೆತ್ತರು. 2017ರಿಂದ ಅಲ್ಲಿನ ಕಾಯಿದೆಯಲ್ಲಿ, ಫೀಲ್ಡರು ಮಾತಿನಿಂದಾಗಲಿ ಚೇಷ್ಟೆಯಿಂದಾಗಲಿ ಬ್ಯಾಟರನ್ನು ವಂಚಿಸಿದರೆ 5 ರನ್ ದಂಡ. ನಿಯಮ ಬಂದ ಹೊಸತರಲ್ಲೇ ಆಸ್ಟ್ರೇಲಿಯಾದ ಮಾರ್ನಸ್ ಲಾಬುಶೇನ್ ಕೈಯಲ್ಲಿಲ್ಲದ ಚೆಂಡನ್ನು ಎಸೆಯುವಂತೆ ನಟಿಸಿ ದಂಡ ತೆತ್ತು ಕೀರ್ತಿವಂತನಾದ.

ಇಷ್ಟೆಲ್ಲ ಆದರೂ ಇವರ್‍ಯಾರೂ ನಮ್ಮ ಗೌತಮನನ್ನು ಓದಿದಂತೆ ಕಾಣುವುದಿಲ್ಲ. ನ್ಯಾಯಸೂತ್ರದಲ್ಲಿ ವಾದಿಯೊಬ್ಬ ಔಟಾಗುವ 22 ಬಗೆಗಳಿವೆ. ಅವಕ್ಕೆ ನಿಗ್ರಹಸ್ಥಾನಗಳೆಂದು ಹೆಸರು. ಎದುರಾಳಿಯ ಮಾತಿಗೆ ಬೇಕೆಂದೇ ಬೇರೆ ಅರ್ಥ ಕಟ್ಟುವುದು ಛಲ. ಅದರಲ್ಲಿ ಮೂರು ವಿಧ; ಮೊದಲನೆಯದು ವಾಕ್ಛಲ. ವಾತ್ಸ್ಯಾಯನನ ಭಾಷ್ಯದ ಉದಾಹರಣೆ ‘ನವಕಂಬಲ’. ಹುಡುಗನ ಬಳಿ ಹೊಸ ಕಂಬಳಿ ಇದೆ ಎಂದು ಒಬ್ಬ ಹೇಳಿದರೆ, ಎಲ್ಲಪ್ಪಾ ಒಂಬತ್ತು ಕಂಬಳಿ, ಇರುವುದು ಒಂದೇ ಎಂದು ಇನ್ನೊಬ್ಬ ಎಗರುತ್ತಾನೆ. ತಮಾಷೆಯೆಂದರೆ ಗೌತಮ ಇದನ್ನು ಪೂರ್ತಿ ನಿಷೇಧಿಸಲಿಲ್ಲ. ಎಳೆ ಮೊಳಕೆಗೆ ಮುಳ್ಳುಬೇಲಿ ಹಾಕುವ ಹಾಗೆ, ತತ್ತ್ವವನ್ನು ಕಾಯಲು ಛಲವನ್ನೂ ಬಳಸುವ ಜಲ್ಪ, ವಿತಂಡ ಎಂಬ ವಾಗ್ಯುದ್ಧಗಳೂ ಇರಲಿ ಅಂದ. ಅಂಥ ವಿಶಾಲಹೃದಯಿಯನ್ನು ಯಾವ ಲೀಗಿನವರೂ ಅಂಪೈರಾಗಿ ನೇಮಿಸಲಾರರು.

ಒಂದು ನ್ಯೂನತೆಯನ್ನಂತೂ ಎತ್ತಿ ತೋರಿಸಲೇಬೇಕು. ಸ್ವಪಕ್ಷದವರೇ ಮಾಡುವ ವಾಗ್ಬಾಧೆಗೆ ಯಾವ ಶಾಸ್ತ್ರದಲ್ಲೂ ದಂಡವಿಲ್ಲ. ಶಲ್ಯ ಕರ್ಣನ ರಥದಲ್ಲಿ ಕೂತು ಕರ್ಣನನ್ನೇ ಹೀಯಾಳಿಸುತ್ತಾ ಹೋದ. ಕೌರವರು ಯಾವ ಅಂಪೈರಿಗೆ ದೂರು ಕೊಟ್ಟಾರು? ಮಗನ ತಂಡದಲ್ಲೂ ಬ್ಯಾಟು ಹಿಡಿದವನಿಗೆ ಬೆಂಚಿನಿಂದ ಒಂಬತ್ತು ಮಂದಿ ಒಂಬತ್ತು ಸಲಹೆ ಕೊಡುತ್ತಾರೆ. ಮೂರನೆಯ ಸಲಹೆಯ ಹೊತ್ತಿಗೆ ಅವನು ಔಟು.

ಈಗ ಮುಖ್ಯ ಪ್ರಕರಣ. ನಮ್ಮ ಕಡೆ ಇಬ್ಬರು ಔಟಾಗಿದ್ದರು, ಮೂರನೇ ಬೇಸಿನಲ್ಲಿ ಒಬ್ಬನಿದ್ದ. ಚೆಂಡು ನಮ್ಮ ಬೆಂಚಿನ ಹತ್ತಿರವೇ ಮೇಲಕ್ಕೆದ್ದಿತು. ಎದುರು ತಂಡದ ಹುಡುಗನೊಬ್ಬ ಗ್ಲವ್ಸ್ ಎತ್ತಿ ಅದರ ಕೆಳಗೆ ಬಂದು ನಿಂತ. ಎಲ್ಲರೂ ಮೇಲೆ ನೋಡುತ್ತಿರುವ ಆ ಸುಮುಹೂರ್ತದಲ್ಲಿ ನಾನು ಡಬ್ಬಿಗೆ ಕೈ ಹಾಕಿದೆ. ಅಂದು ಬೆಳಗ್ಗೆ ನನ್ನ ಶುಗರ್ ರೀಡಿಂಗು ಚೆನ್ನಾಗಿರಲಿಲ್ಲ.

“ಬಿಡಿ! ಬಿಡೀಂದ್ರೆ!”

ನಾನು ಬಿಟ್ಟೆ. ಹುಡುಗನೂ ಬಿಟ್ಟ. ನಮ್ಮವನು ಓಡಿ ಬಂದು ಮನೆ ಬೇಸು ಮುಟ್ಟಿದ.

ಹುಡುಗ ನಮ್ಮ ಕಡೆ ತಿರುಗಿದ. “ಯಾಕ್ ಆಂಟಿ ಹಂಗ್ ಕೂಗಿದ್ರಿ? ನಮ್ಮವ್ವನೇ ಕೂಗಿದಂಗಾತು!” ದಾವಣಗೆರೆ ಎಂದು ಕೇಳುವ ಅಗತ್ಯವೇ ಬೀಳಲಿಲ್ಲ.

“ಅಯ್ಯೋ, ನಿಂಗಲ್ಲ ಕಣಪ್ಪಾ! ಇವ್ರಿಗೆ ಹೇಳಿದ್ದು.”

ಬಿಳಿ ಮೀಸೆಯ ಅಂಪೈರು ಬಂದು, ಆಕೆ ಏನಂದಳು ಎಂದು ಕೇಳಿದ. ಅನುವಾದಕನಾಗಿ ಮಗನನ್ನೇ ಕರೆದರು. ಅವನು ತಾಯಿಯ ಮುಖ ನೋಡಿದ, ಸ್ಕೋರು ನೋಡಿದ, ಆಮೇಲೆ ನಿಜ ಹೇಳಿದ.

ನಾನು ಎದ್ದು ನಿಂತೆ. 31 ವರ್ಷದ ಪಾಠ ಯಾವ ದಿನಕ್ಕೆ? ‘ಬಿಡು’ ಅಂದಿದ್ದರೆ ಆರೋಪ ನಿಲ್ಲುತ್ತಿತ್ತು; ಅಂದದ್ದು ‘ಬಿಡಿ’. ಇಪ್ಪತ್ತೈದರ ಹುಡುಗನಿಗೆ ಯಾವ ತಾಯಿಯೂ ಗೌರವ ಬಹುವಚನ ಹಚ್ಚುವುದಿಲ್ಲ, ಆದ್ದರಿಂದ ಇದು ಗಂಡನಿಗೇ ಸಲ್ಲುವ ರೂಪ, ಎಂದು ವಾದಿಸಿದೆ. ಹುಡುಗ ಸುಮ್ಮನಿರಲಿಲ್ಲ. “ಇಲ್ಲ ಸರ್, ನಮ್ ಟೀಮಿನೋರಿಗೆಲ್ಲಾ ಸೇರ್ಸಿ ಅಂದ್ರೇನೋ ಅಂತ ತಿಳ್ಕಂಡೆ.” ನವಕಂಬಲ! ಒಬ್ಬನೋ, ಹತ್ತು ಜನವೋ. ನನ್ನ ತರಗತಿಯಲ್ಲಿ ಕೂತವರಲ್ಲಿ ಒಬ್ಬನಿಗೂ ಇಷ್ಟು ಚುರುಕು ಇರಲಿಲ್ಲ.

ಅಂಪೈರಿಗೆ ಬಹುವಚನದಲ್ಲಿ ಆಸಕ್ತಿ ಹುಟ್ಟಲಿಲ್ಲ. ಅವನು ಕೇಳಿದ್ದು ಒಂದೇ: ಈಕೆ ಪ್ರೇಕ್ಷಕಳೋ, ತಂಡದವಳೋ? ಪ್ರೇಕ್ಷಕರ ಬಾಯಿಗೆ ನಿಯಮವಿಲ್ಲ. ಆದರೆ ಕೂತಿರುವುದು ತಂಡದ ಬೆಂಚಿನ ಮೇಲೆ, ಪ್ರತಿ ಇನಿಂಗ್ಸಿಗೂ ಆಟಗಾರರಿಗೆ ತಿಂಡಿ ಹಂಚುತ್ತಿರುವುದನ್ನು ಅವನೇ ಕಂಡಿದ್ದಾನೆ. ಅಧಿಕೃತ ಸದಸ್ಯೆಯೆಂದು ತೀರ್ಮಾನವಾಯಿತು. ಒಬ್ಬ ಔಟು, ರನ್ನು ರದ್ದು, ಇನಿಂಗ್ಸ್ ಮುಗಿಯಿತು. ಆಕೆ ಜಾಲರಿ ಬೇಲಿಯ ಆಚೆಗೆ ಹೋಗಿ ಪ್ರೇಕ್ಷಕರ ನಡುವೆ ಕೂರಬೇಕು. ಆಕೆ ಹೋದಳು, ಡಬ್ಬಿಯೂ ಹೋಯಿತು. ನಾನು ಈಚೆಗೇ ಉಳಿದೆ.

ಮುಂದಿನ ಇನಿಂಗ್ಸಿನಲ್ಲಿ ಚೆಂಡು ಮತ್ತೆ ಅದೇ ದಿಕ್ಕಿಗೆ ಎದ್ದಿತು. ದಾವಣಗೆರೆಯ ಹುಡುಗ ಅದರ ಕೆಳಗೆ ಬಂದು ನಿಂತ, ಆದರೆ ಮೇಲೆ ನೋಡುವ ಮೊದಲು ಒಂದು ಸಲ ಬೇಲಿಯ ಕಡೆ ನೋಡಿದ.

“ಹಿಡ್ಕೋ ಪುಟ್ಟಾ, ಹಿಡ್ಕೋ!” ಎಂದು ಆಚೆಯಿಂದ ಕೂಗು ಬಂತು, ಈ ಸಲ ಸ್ಪಷ್ಟ ಏಕವಚನದಲ್ಲಿ.

ಅವನು ಹಿಡಿದ. ಔಟಾದವನು ನಮ್ಮ ಮಗ. ಬ್ಯಾಟು ಎಸೆದು ಬಂದು ನನ್ನ ಪಕ್ಕ ಕೂತು, ಕೋಡುಬಳೆಗೆ ಕೈ ಚಾಚಿದ.