ಕಾರುನಿರ್ವಹಣಾ ಮೀಮಾಂಸೆ: ಚತುಸ್ತಾಲ್ಲೂಕು ಪಾಠ

ವಿಷಯ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಕಾರು ಕೊಳ್ಳುವವನು ಮೊದಲು ಕೇಳುವುದು, ‘ಎಷ್ಟ್ ಕೊಡ್ತದೆ?’ ಇದು ಮೈಲೇಜ್ ಕುರಿತ ಪ್ರಶ್ನೆ. ‘ಎಷ್ಟ್ ಕೀಳ್ತದೆ?’ ಎಂಬ ನಿರ್ವಹಣಾ ಖರ್ಚಿನ ಪ್ರಶ್ನೆ ವಾರಂಟಿ ಮುಗಿದ ಮರುದಿನ ಹುಟ್ಟುತ್ತದೆ. ಪೂರ್ವಾಚಾರ್ಯರು ಮೊದಲನೆಯದಕ್ಕೆ ಭಾಷ್ಯ ರಚಿಸಿ, ಎರಡನೆಯದನ್ನು ಮೆಕ್ಯಾನಿಕ್‌ಗೆ ಬಿಟ್ಟರು. ಆ ಲೋಪವನ್ನು ತುಂಬಲೆಂದೇ ಈ ಗ್ರಂಥ.

ಪೂರ್ವಪಕ್ಷ ಖಂಡನೆ

ಶ್ರೀರಂಗಪಟ್ಟಣ ಶಾಖೆಯವರು ಡೀಸೆಲ್‌ವಾದಿಗಳು. ಇಂಧನದಲ್ಲಿ ಉಳಿಸಿದ್ದೇ ಉಳಿತಾಯ ಎನ್ನುತ್ತಾರೆ. ಅದು ಸಲ್ಲದು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಕಾರಿನ ಹೊಟ್ಟೆಯಡಿ ಡಿಪಿಎಫ್ ಎಂಬ ಮಸಿ ಸೋಸುವ ಯಂತ್ರ ಕೂತಿದೆ. ಹಿಡಿದಿಟ್ಟ ಮಸಿಯನ್ನು ಸುಡಲು ಅದಕ್ಕೆ ದೂರದ, ಸಮವೇಗದ ಓಟ ಬೇಕು. ಕೋಟೆಯೊಳಗೇ ದೇವಸ್ಥಾನಕ್ಕೂ ತರಕಾರಿಗೂ ಸುತ್ತುವವನ ಕಾರಿನಲ್ಲಿ ಮಸಿ ಕಟ್ಟಿ ಎಚ್ಚರಿಕೆ ದೀಪ ಹತ್ತುತ್ತದೆ. ಆಗ ಅವನು 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಏರಿ, ಗಣಂಗೂರಿನಲ್ಲಿ ಟೋಲ್ ಕಟ್ಟಿ, ಕೆಲಸವಿಲ್ಲದೆ ಮದ್ದೂರಿನವರೆಗೆ ಹೋಗಿಬರಬೇಕು. ಪಾಪಕ್ಕೂ ಪ್ರಾಯಶ್ಚಿತ್ತಕ್ಕೂ ಒಂದೇ ಜೇಬು.

ಪಾಂಡವಪುರ ಶಾಖೆಯವರು ಕ್ಲಚ್‌ವಾದಿಗಳು. ಕಬ್ಬು ಅರೆಯುವ ಕಾಲದಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಹಿಂದೆ ಅರ್ಧ ಕ್ಲಚ್ಚಿನಲ್ಲಿ ತೆವಳುವುದು, ವೈರಮುಡಿ ಉತ್ಸವದ ದಿನ ಮೇಲುಕೋಟೆ ಏರಿನಲ್ಲಿ ನಿಂತು ನಿಂತು ಸಾಗುವುದು ಇಲ್ಲಿನ ನಿತ್ಯ-ನೈಮಿತ್ತಿಕ ಕರ್ಮ. ‘ಆಟೋಮ್ಯಾಟಿಕ್ ಕೊಂಡರೆ ಮುಕ್ತಿ’ ಎಂಬುದು ಭ್ರಮೆ. ಆಟೋಮ್ಯಾಟಿಕ್‌ಗಳಲ್ಲೊಂದಾದ ಎಎಂಟಿಯಲ್ಲೂ ಕ್ಲಚ್ ಪ್ಲೇಟಿದೆ. ಪೆಡಲ್ ಕಾಣದ ಮಾತ್ರಕ್ಕೆ ಪ್ಲೇಟು ಸವೆಯದೆಂಬುದು ಬರಿಯ ಮಾಯಾವಾದ.

ಕೆ.ಆರ್. ಪೇಟೆ ಶಾಖೆ ಒಕ್ಕಣೆ ಪಂಥದ್ದು. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಟಾರು ರಸ್ತೆಗೆ ಹರವುತ್ತಾರೆ. ಹಿಂದೆ ಎತ್ತು ಕಟ್ಟಿ ಎಳೆಯುತ್ತಿದ್ದ ರೋಣಗಲ್ಲಿಗೆ ಆಯಿಲ್ ಇಲ್ಲ, ವಿಮೆ ಇಲ್ಲ, ಮರುಮಾರಾಟದ ಚಿಂತೆಯಿಲ್ಲ. ಶೂನ್ಯ ನಿರ್ವಹಣೆಯ ಏಕೈಕ ಚಕ್ರವದು. ಅದನ್ನು ಮೂಲೆಗೆ ತಳ್ಳಿ, ಆ ಕೆಲಸವನ್ನು ದಾರಿಹೋಕ ಕಾರಿಗೆ ವಹಿಸಲಾಗಿದೆ. ಹುರುಳಿ ಬಳ್ಳಿ ಆಕ್ಸಲ್‌ಗೆ ಸುತ್ತಿಕೊಂಡು, ಕಾದ ಸೈಲೆನ್ಸರ್ ತಾಗಿ ಹೊತ್ತಿಕೊಂಡರೆ ಕಾರು ಭಸ್ಮ. ಆದ್ದರಿಂದ ಇಲ್ಲಿ ಸನ್‌ರೂಫ್‌ಗಿಂತ ನೆಲದಿಂದ ಎತ್ತರವೇ ಪುರುಷಾರ್ಥ.

ನಾಗಮಂಗಲ ಶಾಖೆಯ ದುಃಖ ಬೇರೆ. ಮೇಣದ ಅಚ್ಚಿನಿಂದ ಲೋಹವಿಗ್ರಹ ಎರಕ ಹೊಯ್ಯುವ ಪರಂಪರೆಯ ಊರು ಅದು. ಅಂಥ ಊರಲ್ಲೂ ಹೆಡ್‌ಲೈಟಿನ ಒಂದು ಪ್ಲಾಸ್ಟಿಕ್ ಕೊಂಡಿ ಮುರಿದರೆ ‘ಫುಲ್ ಸೆಟ್ಟೇ ಹಾಕ್ಬೇಕು ಸಾ’ ಎಂಬ ಆಕಾಶವಾಣಿ ಕೇಳಿಸುತ್ತದೆ.

ಪ್ರಮಾಣ ವಿಚಾರ

ಶೋರೂಮ್ ಹುಡುಗನ ಮಾತು ಶಬ್ದಪ್ರಮಾಣ. ಜಾಹೀರಾತು ನೋಡಿ ಲೆಕ್ಕ ಹಾಕುವುದು ಅನುಮಾನ; ಹೆಸರೇ ಹೇಳುವಂತೆ ಅದು ಅನುಮಾನಾಸ್ಪದ. ಊರ ಮೆಕ್ಯಾನಿಕ್ ಬಾನೆಟ್ ಎತ್ತಿದಾಗಿನ ಮುಖವೊಂದೇ ಪ್ರತ್ಯಕ್ಷ. ಸ್ಪ್ಯಾನರ್ ತೆಗೆದರೆ ಆ ಮಾದರಿಯನ್ನು ಕೊಳ್ಳಿ. ಫೋನ್ ತೆಗೆದು ‘ಮೈಸೂರಿಂದ ತರಿಸ್ಬೇಕು’ ಎಂದರೆ ನಮಸ್ಕಾರ ಹೇಳಿ ಹೊರಡಿ.

ಸಿದ್ಧಾಂತ

ಕಾರಿನ ಖರ್ಚು ಕಾರಿನಲ್ಲಿಲ್ಲ. ಅದು ಓಡುವ ದಾರಿಯಲ್ಲೂ ಬಿಚ್ಚುವ ಕೈಯಲ್ಲೂ ಇದೆ. ಹೆಚ್ಚು ಮಾರಾಟವಾದ, ಟರ್ಬೊ ಇಲ್ಲದ, ಬಿಡಿಭಾಗ ತಾಲ್ಲೂಕು ಕೇಂದ್ರದಲ್ಲೇ ಸಿಗುವ ಸಣ್ಣ ಪೆಟ್ರೋಲ್ ಕಾರೇ ಉತ್ತಮ. ದೃಷ್ಟಾಂತ: 1983ರ ಡಿಸೆಂಬರ್‌ನಲ್ಲಿ ಬಂದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಮಾರುತಿ 800. ಅದರ 796 ಸಿಸಿ, ಮೂರು ಸಿಲಿಂಡರ್ ಎಂಜಿನ್ನೇ ಓಮ್ನಿಯಲ್ಲೂ ಇದ್ದುದರಿಂದ, ಒಂದನ್ನು ಬಿಚ್ಚಲು ಕಲಿತವನಿಗೆ ಇನ್ನೊಂದು ಬಿಟ್ಟಿ ವಿದ್ಯೆಯಾಯಿತು.

ಆಕ್ಷೇಪ: ಸಣ್ಣ ಕಾರಿನಲ್ಲಿ ಇಳಿದರೆ ಬೀಗರು ಏನಂದಾರು?

ಸಮಾಧಾನ: ಬೀಗರು ಕಂತು ಕಟ್ಟುವುದಿಲ್ಲ.

ಫಲಶ್ರುತಿ

ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಪಠಿಸುವವರ ಎಂಜಿನ್ ದೀರ್ಘಾಯುವಾಗುವುದು, 15 ವರ್ಷಕ್ಕೆ ನೋಂದಣಿ ನವೀಕರಣ ನಿರ್ವಿಘ್ನವಾಗಿ ನಡೆಯುವುದು. ಒಂದಕ್ಷರವನ್ನೂ ಓದದೆ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸುವವರಿಗೂ ಇದೇ ಫಲ.