ಹತ್ತು ಬೆರಳಿನ ಮಾವ, ಹೆಬ್ಬೆರಳಿನ ಮಗಳು

ನಮ್ಮ ಮಾವನವರು 1998ರಲ್ಲಿ ‘ಬರಹ’ ತಂತ್ರಾಂಶ ಬಂದ ಕಾಲದಿಂದ ಕಂಪ್ಯೂಟರಿನಲ್ಲಿ ಕನ್ನಡ ಕುಟ್ಟಿದವರು; ಆಮೇಲೆ ‘ನುಡಿ’ಯ ದೀಕ್ಷೆ ಪಡೆದರು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಅವರ ಬೆರಳಿಗೇ ಇಳಿದುಬಿಟ್ಟಿದೆ. ಒತ್ತಕ್ಷರಕ್ಕೆ ನಡುವೆ ಎಫ್, ಮಹಾಪ್ರಾಣಕ್ಕೆ ಶಿಫ್ಟ್. ಒಂದೇ ಉಸಿರಿಗೆ ‘ಧೃತರಾಷ್ಟ್ರ’ ಸಿದ್ಧ. ಆದರೆ ಯೂನಿಕೋಡ್ ಅಲ್ಲದ ಆ ಹಳೆಯ ಫಾಂಟಿನ ಕಡತವನ್ನು ಮೊಮ್ಮಗಳ, ಅಂದರೆ ನನ್ನ ಮಗಳ, ಫೋನಿಗೆ ಕಳಿಸಿದರೆ, ಪಾಪ, ಧೃತರಾಷ್ಟ್ರ ಲ್ಯಾಟಿನ್ ಅಕ್ಷರಗಳ ನಡುವೆ ಯಾರ ಗುರುತೂ ಹತ್ತದೆ ತಡಕಾಡುತ್ತಿರುತ್ತಾನೆ.

ಅವಳೋ ಟೈಪೇ ಮಾಡುವುದಿಲ್ಲ. ಬಸ್ಸಿನಲ್ಲಿ ನಿಂತು ಫೋನಿಗೆ ಹೇಳುತ್ತಾಳೆ, ಅದು ಬರೆದುಕೊಳ್ಳುತ್ತದೆ. ನಡುವೆ ಕಂಡಕ್ಟರು ‘ಚಿಲ್ರೆ ಕೊಡಮ್ಮ’ ಅಂದರೆ ಅದೂ ಪ್ರಬಂಧದೊಳಗೆ ಸೇರಿಕೊಳ್ಳುತ್ತದೆ.

ಲೆಕ್ಕದ ವಿಷಯದಲ್ಲಿ ಮಾತ್ರ ನಾನು ಮಾವನ ಕಡೆ. 10,48,576 ಸಾಲು ಹಿಡಿಸುವ ಎಕ್ಸೆಲ್ ಹಾಳೆಯನ್ನು ಫೋನಿನಲ್ಲಿ ತೆರೆದರೆ ಹೆಬ್ಬೆರಳೇ ಮೂರು ಸಾಲು ನುಂಗುತ್ತದೆ. ಅಪಾರ್ಟ್‌ಮೆಂಟಿನ ನೀರಿನ ಬಾಕಿ ನೋಡೋಣವೆಂದು ಬಲಕ್ಕೆ ಸರಿಸಿದರೆ ಹೆಸರಿನ ಕಾಲಂ ಎಡಕ್ಕೆ ಓಡಿರುತ್ತದೆ. ಯಾರ ಬಾಕಿ ಯಾರ ತಲೆಗೋ! ಹಾಗಂತ ಸೊಪ್ಪಿನ ಗಾಡಿಯ ಮುಂದೆ ಯುಪಿಐ ಮಾಡಲು ಡೆಸ್ಕ್‌ಟಾಪ್ ಹೊತ್ತು ನಿಲ್ಲಲಾದೀತೇ?

ಈಚೆಗೆ ಮೊಮ್ಮಗಳು ವಾಟ್ಸಾಪನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಕೂರುತ್ತಾಳೆ. ಮಾವನವರು ಫೋನಿಗೆ ಬ್ಲೂಟೂತ್ ಕೀಬೋರ್ಡ್ ಜೋಡಿಸಿದ್ದಾರೆ. ಕೀಬೋರ್ಡಿಗೂ ಚಾರ್ಜ್ ಹಾಕಬೇಕೆಂದು ಗೊತ್ತಾದಾಗಿನಿಂದ ಮುಖ ಊದಿಸಿಕೊಂಡಿದ್ದಾರೆ.