ಸುಳಿವು ಸಾಕು, ಉತ್ತರ ಬ್ಯಾಡ

ಉತ್ತರ ಒದರಿಬಿಡೋದಕ್ಕೆ ಜಾಣತನ ಬೇಕಾಗಿಲ್ಲ. ಸುಳಿವು ಕೊಡೋದಿದೆಯಲ್ಲ, ಅದು ಕಷ್ಟ. ಕಡಿಮೆಯಾದರೆ ಕೇಳಿದವರು ಮುಖ ಊದಿಸ್ತಾರೆ. ಒಂದು ಚೂರು ಹೆಚ್ಚಾದರೆ 'ಎಲ್ಲಾ ಹೇಳೇಬಿಟ್ರಲ್ಲ' ಅಂತ ಅವರೇ ಬೈತಾರೆ. ಹೌದಲ್ರೀ?

ನಮ್ಮ ಬೇಲಿಯಾಚೆಯ ಕಾಕಾ ಈ ವಿದ್ಯೆಯಲ್ಲಿ ಪಳಗಿದವರು. ಇಂಗ್ಲಿಷ್ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಹುಬ್ಬಳ್ಳಿಯ ಮೊಮ್ಮಗಳು, ಆರು ಸಾಲಿನೊಳಗೆ ಐದಕ್ಷರದ ಇಂಗ್ಲಿಷ್ ಪದ ಊಹಿಸುವ ಆಟ ವರ್ಡಲ್‌ನ ಬಣ್ಣದ ಚೌಕಗಳನ್ನು ವಾಟ್ಸಾಪಿಗೆ ಕಳಿಸಿದಳೆಂದರೆ ಚಹಾದ ಕಪ್ಪು ಕೈಯಲ್ಲಿ ಹಿಡಿದೇ ಬೇಲಿಗೆ ಬರ್ತಾರೆ. "ನೋಡ್ರಿಲ್ಲೆ, ಐದನೇ ಸಾಲಿಗೆ ದಡ ಹತ್ಯಾಳ. ಮೂರನೇ ಸಾಲಿನ್ಯಾಗ ಏನೋ ಎಡವಟ್ಟಾಗೇತಿ." ಅಲ್ಲಿ ಅಕ್ಷರ ಒಂದೂ ಇಲ್ಲ, ಬರೇ ಹಸಿರು, ಹಳದಿ, ಬೂದು. ಆದರೂ ಜಾತಕ ಓದಿದ ಹಾಗೆ ಓದಿ ಹೇಳ್ತಾರೆ.

ಆ ಚೌಕಗಳ ಕಥೆಯೂ ತಮಾಷೆಯದೇ. ಜೋಶ್ ವಾರ್ಡಲ್ ಎಂಬಾತ ತನ್ನ ಸಂಗಾತಿ ಪಾಲಕ್ ಶಾಳಿಗಾಗಿ ಮಾಡಿದ ಆಟ ಅದು, ಗೊತ್ತಲ್ಲ. 2021ರ ನವೆಂಬರ್ 1ರಂದು ಆಡಿದವರು 90 ಜನ. ಎರಡೇ ತಿಂಗಳಿಗೆ 3 ಲಕ್ಷ ದಾಟಿತು. ನಡುವೆ ನ್ಯೂಜಿಲೆಂಡಿನ ಕೆಲವರು, ಉತ್ತರ ಬಿಟ್ಟುಕೊಡದೆ ತಮ್ಮ ಪಾಡು ಹೇಳಿಕೊಳ್ಳೋದು ಹೇಗೆ ಅಂತ ಯೋಚಿಸಿ, ಬಣ್ಣದ ಚೌಕಗಳನ್ನು ಕೈಯಾರೆ ಒಂದೊಂದಾಗಿ ಒತ್ತಿ ಕಳಿಸತೊಡಗಿದರು. ಅದನ್ನು ಕಂಡ ವಾರ್ಡಲ್ ಡಿಸೆಂಬರಿನಲ್ಲಿ ಅದಕ್ಕೊಂದು ಗುಂಡಿಯನ್ನೇ ಇಟ್ಟುಕೊಟ್ಟ. ಅಂದರೆ ಆಟ ಊರೂರು ಸುತ್ತಿದ್ದು ಬಾಯಿ ಕಟ್ಟಿಕೊಂಡು ಮಾತಾಡುವ ಆಸೆಯಿಂದ. ಮುಂದೆ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿದ್ದು, ದುಡ್ಡಿನ ವಿಷಯ, ಅದೆಲ್ಲ ಇರಲಿ ಬಿಡಿ.

ಕಾಕಾ ನಿಜವಾಗಿ ಸಿಟ್ಟಾಗಿದ್ದು 2022ರ ಜನವರಿ 12ರಂದು. ಅವತ್ತಿನ ಪದ ಫೇವರ್. ನಡುವಿನ 'ಯು' ಇಲ್ಲದ ಅಮೆರಿಕದ ಫೇವರ್! "ಹಿಂಗ ಬರದ ಹುಡುಗೂರಿಗೆ ಜನ್ಮಪೂರ್ತಿ ಕೆಂಪು ಶಾಯಿ ಹಚ್ಚೇನ್ರೀ ನಾ. ಈಗ ಇದಕ್ಕ ಹಸಿರು ಬಣ್ಣ ಅಂತ!" ಇಂಗ್ಲೆಂಡಿನವರೂ ಅವತ್ತು ಹೀಗೇ ಹಾರಾಡಿದ್ದರಂತೆ. ಒಂದು ತಿಂಗಳು ಕಳೆಯುವುದರೊಳಗೆ ಹ್ಯೂಮರ್ ಬಂತು, ಅದಕ್ಕೂ ಎರಡನೇ 'ಯು' ಇಲ್ಲ. ಕಾಕಾ ನಗಲೇ ಇಲ್ಲ.

ಅದೇ ವರ್ಷದ ಸೆಪ್ಟೆಂಬರಿನ ಪೇರರ್, ಅಂದರೆ ಸಿಪ್ಪೆ ಹೆರೆಯುವ ಸಾಧನ, ಇನ್ನೂ ಕಿಲಾಡಿ. ಪಿ, ಎ, ನಡುವೆ ಖಾಲಿ ಮನೆ, ಆಮೇಲೆ ಇ, ಆರ್. ಪೇಪರ್ ಹಾಕಿ, ಪೇಜರ್ ಹಾಕಿ, ಪೇಯರ್ ಹಾಕಿ, ಎಲ್ಲಾ ಕೂಡ್ತಾವೆ. ಆರು ಸಾಲು ಮುಗಿದೇ ಹೋಗ್ತಾವೆ. ಮೊಮ್ಮಗಳು ಫೋನ್ ಮಾಡಿ, "ಅಜ್ಜಾ, ಒಂದs ಒಂದು ಹಿಂಟ್ ಕೊಡೋ" ಅಂದಳು. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಡಗಿಮನಿಗೆ ಹೋಗವಾ. ಬಟಾಟಿ ಕೈಯಾಗ ತಗೊಂಡು, ಮುಂದ ಏನ್ ಹುಡುಕ್ತಿ ನೋಡು" ಅಂದರು. ಎಂಥಾ ಸುಳಿವು! ಆದರೆ ಒಳಗಿನಿಂದ ಕಾಕೂ ಕೂಗಿದರು: "ಬಟಾಟಿ ಕುದಿಸಿ ಸಿಪ್ಪಿ ತಗೀತಾರ, ಮತ್ತೇನ್ ಹುಡುಕೂದೈತಿ?" ಅಲ್ಲಿಗೆ ಆ ಸುಳಿವು ನೀರಿನಲ್ಲಿ ಹೋಮ.

ಇನ್ನೊಂದು ಪಜೀತಿ ಕೇಳಿ. ಪದ ಬದಲಾಗೋದು ಅವರವರ ಊರಿನ ನಡುರಾತ್ರಿಗೆ. ನಾವು ಬೆಳಿಗ್ಗೆ ಇವತ್ತಿನದ್ದನ್ನು ಬಿಡಿಸಿ ಕೂತಾಗ ಕಾಕಾರ ನ್ಯೂಜೆರ್ಸಿಯ ಮಗ ಇನ್ನೂ ನಿನ್ನೆಯದರ ಜೊತೆ ಗುದ್ದಾಡ್ತಿರ್ತಾನೆ. ಚಳಿಗಾಲದಲ್ಲಿ ಹತ್ತೂವರೆ ತಾಸಿನ ಅಂತರ ನೋಡಿ. ಅಷ್ಟು ಹೊತ್ತು ಮನೆಮಂದಿಯೆಲ್ಲ ಗ್ರೂಪಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡಿರಬೇಕು. ಕಾಕಾ ಹಾಗೆ ಇರ್ತಾರೆ. ಕಾಕೂ ಇರೋದಿಲ್ಲ.

ಅಲ್ಲ, ಸುಳಿವು ಕೊಡೋದು, ಒಗಟು ಹಾಕೋದು ನಮ್ಮ ಕಡೆಯವರಿಗೆ ಹೊಸದೇನು? ಹಿರೇಕೆರೂರ ಕಡೆ ಅಬಲೂರಿಗೆ ಹೋಗಿ, ಸರ್ವಜ್ಞನ ಊರು. ಮೂರು ಸಾಲಿನಲ್ಲಿ ಒಗಟು ಹಾಕಿ ಕವಿಗಳಿಗೇ ಸವಾಲು ಎಸೆದವನು. ಶಿಗ್ಗಾಂವಿ ಕಡೆ ಬಾಡ ಕನಕದಾಸರದು, ಮುಂಡಿಗೆ ಹಾಡಿ ಪಂಡಿತರ ತಲೆ ತಿರುಗಿಸಿದವರು. ಅದೇ ತಾಲೂಕಿನಲ್ಲೇ ಶಿಶುನಾಳ. ಕೋಳಿಯ ಬಾಯಿಗೆ ಮಂಗನನ್ನು ಕೊಟ್ಟ ಷರೀಫರ ಪದ ಬಿಡಿಸೋಕೆ ಆರು ಸಾಲು ಎಲ್ಲಿ ಸಾಕು? ಮದುವೆ ಮನೆಯ ಒಡಪೂ ಇದೇ ಜಾತಿಯದ್ದು. ನಾದಿನಿಯರು ಬಾಗಿಲಿಗೆ ಅಡ್ಡ ನಿಂತು 'ಹೆಸರು ಹೇಳು' ಅಂದರೆ, ಹೊಸ ಸೊಸೆ ಊರೆಲ್ಲಾ ಸುತ್ತಿಸಿ ಕೊನೆಗೆ ಗಂಡನ ಹೆಸರಿಗೆ ಬರ್ತಾಳೆ. ನೇರ ಹೇಳಿದರೆ ಯಾರಿಗೆ ಬೇಕು?

ನಮ್ಮ ಆಡೂರಲ್ಲೇ ಬಾದಾಮಿ ಚಾಲುಕ್ಯರ ಕಾಲದ ಶಾಸನ ಇದೆಯಲ್ಲ, ಅದನ್ನೂ ಕಾಕಾ ಈ ಲೆಕ್ಕಕ್ಕೇ ಸೇರಿಸ್ತಾರೆ. ಶಾಸನ ಓದುವವರು ಅಳಿಸಿಹೋದ ಅಕ್ಷರವನ್ನು ಅಕ್ಕಪಕ್ಕದ್ದು ನೋಡಿ ಊಹಿಸಿ, ಕಂಸದೊಳಗೆ ಇಟ್ಟು ತೋರಿಸ್ತಾರೆ. "ಅವ್ರಿಗೆ ಹಸಿರು ಬಣ್ಣ ಹಾಕಿ ಹೌದೋ ಅಲ್ಲೋ ಅನ್ನಾವ್ರು ಯಾರ್ರೀ?" ಅನ್ನೋದು ಅವರ ಪ್ರಶ್ನೆ. ಯೋಚಿಸಬೇಕಾದ್ದೇ, ಅಲ್ವಾ?

ಕಾಕಾಗೆ ಈ ಹುಚ್ಚು ಹತ್ತಿದ್ದು ಮಾತ್ರ ಕನ್ನಡ ಪದಬಂಧದಿಂದ. ಒಮ್ಮೆ ಸವಣೂರಿಂದ ಖಾರಾ ತಂದಿದ್ದರು. ಪೊಟ್ಟಣ ಬಿಚ್ಚಿದರೆ ಒಳಗೆ ಯಾರೋ ಅರ್ಧ ತುಂಬಿದ ಪದಬಂಧ, ಎಣ್ಣೆ ಹತ್ತಿದ್ದು. ಖಾರಾ ತಾಟಿಗೆ ಸುರಿದು ಕಾಗದ ಹಿಡಿದು ಕೂತರು. ನಾವು ಖಾರಾ ಮುಗಿಸಿದೆವು, ಅವರದು ಮುಗಿಯಲಿಲ್ಲ. ಸುಳಿವುಗಳಿದ್ದ ಅರ್ಧ ಇನ್ಯಾರದೋ ಪೊಟ್ಟಣವಾಗಿ ಹೋಗಿತ್ತು!

ಕನ್ನಡದ ಪದಬಂಧ ಹೆಣೆಯೋದು ಹುಡುಗಾಟವಲ್ಲ. ಕೋಲಾರದ ಕಡೆಯ ಅ.ನಾ. ಪ್ರಹ್ಲಾದರಾವ್ 2016ರ ಹೊತ್ತಿಗೇ 35,000ಕ್ಕೂ ಹೆಚ್ಚು ಹೆಣೆದಿದ್ದರು, ಸಿನಿಮಾದವೇ 7,500. ಕಷ್ಟ ಎಲ್ಲಿ ಅಂತೀರಾ? ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಅಕ್ಷರ, ಮುಗೀತು. ನಮ್ಮಲ್ಲಿ ಗುಣಿತ, ಒತ್ತು ಎಲ್ಲ ಸೇರಿ ಒಂದೇ ಮನೆಯಲ್ಲಿ ಸಂಸಾರ ಮಾಡಬೇಕು. ಅಡ್ಡಸಾಲಿನಲ್ಲಿ 'ಅಕ್ಕಿ' ಇಟ್ಟಿರಿ ಅನ್ನಿ. ಎರಡನೇ ಮನೆಯಲ್ಲಿ 'ಕ್ಕಿ' ಕೂತಿತು. ಅಲ್ಲಿಂದ ಕೆಳಗಿಳಿಯುವ ಪದ ಶುರು ಮಾಡಿ ನೋಡೋಣ! 'ಕ್ಕಿ'ಯಿಂದ ಶುರುವಾಗುವ ಪದ ಯಾವ ಊರಲ್ಲಿದೆ? ಮೇಲಿಂದ ಹಕ್ಕಿಯನ್ನೋ ಚುಕ್ಕಿಯನ್ನೋ ಇಳಿಸಿಯೇ ತರಬೇಕು. ಅಂಥಾ ಮನೆ ಬಂದಾಗ ಬಿಡಿಸುವವರಿಗೆ ಲಾಭ, ಹೆಣೆಯುವವರಿಗೆ ತಲೆನೋವು.

ಈಗ ಕಾಕಾ ತಾವೇ ಸುಳಿವು ಕಟ್ಟೋಕೆ ಶುರು ಮಾಡಿದ್ದಾರೆ. ಇವತ್ತಿನದು ಹೀಗಿದೆ: "ಹಾವು ಐತಿ, ಕಚ್ಚಂಗಿಲ್ಲ. ಏರಿ ಐತಿ, ಕೆರಿ ಕೇಳಬ್ಯಾಡ್ರಿ. ಕೊರಳಾಗ ಯಾಲಕ್ಕಿ ಹಾರ. ಮೂರು ಮನಿ." ನ್ಯೂಜೆರ್ಸಿಯವನಿಗೆ ಇನ್ನೂ ಸಿಕ್ಕಿಲ್ಲ. ಮೊಮ್ಮಗಳು 'ಪಾರ್ವತಿ' ಅಂತ ಕಳಿಸಿದ್ದಾಳೆ, ಹಾವು-ಹಾರ ಅಂತ ಶಿವನ ಮನೆಗೇ ಹೋಗಿಬಿಟ್ಟಿದ್ದಾಳೆ, ಪಾಪ. ಅಷ್ಟು ದೂರ ಹೋಗೋದು ಬೇಡ, ಆಡೂರಿನಿಂದ ಬಸ್ ಹತ್ತಿದರೆ ಸಾಕು… ನೋಡಿ, ಇನ್ನೊಂದು ಮಾತು ಆಡಿದರೂ ಉತ್ತರ ಹೇಳಿದ ಹಾಗೇ ಆಗ್ತದೆ, ಅಲ್ವಾ?